ಟ್ಯಾಬ್‌ನ ಅಗಲ

‘ನನ್ನ ಎಡಿಟರ್, ನನ್ನಿಷ್ಟ’ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ವಿಎಸ್ ಕೋಡ್‌ಗೆ ಕಪ್ಪು ಥೀಮ್ ಇರಲಿ, ವಿಮ್‌ನ ಕೀಲಿಗಳಿರಲಿ, ಎಮ್ಮೆಟ್‌ನಲ್ಲಿ ನಾಲ್ಕಕ್ಷರ ಕುಟ್ಟಿ ಇಡೀ ಎಚ್‌ಟಿಎಂಎಲ್ ಪಟ್ಟಿ ಹುಟ್ಟಿಸುವ ಸುಖವಿರಲಿ (ಅದಿಲ್ಲದಿದ್ದರೆ ನನಗೆ ಕೈ ಕಟ್ಟಿಹಾಕಿದಂತೆ), ಅವೆಲ್ಲ ನನ್ನ ಬೆರಳುಗಳ ವ್ಯವಹಾರ.

ಫೈಲ್ ಸೇವ್ ಮಾಡಿದೊಡನೆ ಕೋಡನ್ನೆಲ್ಲ ಒಪ್ಪಮಾಡುವ ಪ್ಲಗಿನ್ ಹಾಗಲ್ಲ. ಸಹೋದ್ಯೋಗಿ ಬರೆದ 300 ಸಾಲಿನ ಫೈಲಿನಲ್ಲಿ ನಾನು ಒಂದೇ ಸಾಲು ತಿದ್ದಿದರೂ, ಅಂಚು ಸರಿದ ಸಾಲುಗಳೆಲ್ಲ ಗಿಟ್ ಬ್ಲೇಮ್‌ನಲ್ಲಿ ನನ್ನ ಹೆಸರಿಗೆ ಬರುತ್ತವೆ. ದುಡಿದವಳು ಆಕೆ, ಹೆಸರು ನನ್ನದು. ನಿಜವಾಗಿ ಬದಲಾದ ಸಾಲನ್ನು ಹುಡುಕುವ ಪಾಡು ರಿವ್ಯೂ ಮಾಡುವವರದು.

ಹಾಗಾದರೆ ತಂಡಕ್ಕೆಲ್ಲ ಒಂದೇ ನಿಯಮ ಸಾಕೇ? ವಿಎಸ್ ಕೋಡ್‌ನಲ್ಲಿ ಯೂಸರ್ ಸೆಟ್ಟಿಂಗ್ ಬೇರೆ, ವರ್ಕ್‌ಸ್ಪೇಸ್ ಸೆಟ್ಟಿಂಗ್ ಬೇರೆ. ಎರಡೂ ತಾಗಿದಲ್ಲಿ ಗೆಲ್ಲುವುದು ವರ್ಕ್‌ಸ್ಪೇಸ್. ಅದನ್ನು ಬರೆಯುವವರು ಸಾಮಾನ್ಯವಾಗಿ ಹಿರಿಯರು, ಬರೆಯುವುದು ತಮ್ಮ ರುಚಿಯನ್ನು. ಸಾಲಿನ ಅಂಚಿಗೆ ಸ್ಪೇಸೋ ಟ್ಯಾಬೋ ಎಂಬ ಜಗಳ ನೋಡಿ. ಪ್ರೆಟಿಯರ್ ತಾನಾಗಿ ಎರಡು ಸ್ಪೇಸ್ ಹಾಕುತ್ತದೆ, ಹೆಚ್ಚಿನವರು ಸುಮ್ಮನಿರುತ್ತಾರೆ. ಆದರೆ ದೃಷ್ಟಿ ಮಂದವಾಗಿ ಅಕ್ಷರ ಹಿಗ್ಗಿಸಿ ಓದುವವರು ಟ್ಯಾಬ್‌ನ ಅಗಲವನ್ನು ತಮಗೆ ಬೇಕಾದಷ್ಟು ಕುಗ್ಗಿಸಿಕೊಳ್ಳಬಲ್ಲರು. ಬ್ರೈಲ್ ಪಟ್ಟಿಯಲ್ಲಿ ಬೆರಳಾಡಿಸುವವರಿಗೆ ಒಂದೊಂದು ಸ್ಪೇಸೂ ಒಂದು ಕೋಶ ತಿನ್ನುತ್ತದೆ. ಟ್ಯಾಬ್‌ಗೆ ಒಂದೇ ಸಾಕು.

‘ನಮ್ಮಲ್ಲಿ ಅಂಥವರು ಯಾರಿದ್ದಾರೆ?’ ಎಂದು ತಂಡದಲ್ಲೊಬ್ಬರು ಕೇಳಿದರು. ಇಲ್ಲ, ನಿಜ. ಅಂಥವರು ಬಂದ ಮೇಲೆ ಬದಲಿಸೋಣ ಎಂದರೆ, ಬಂದವರು ಮೊದಲ ದಿನವೇ ಉಪಕಾರ ಬೇಡಬೇಕಾಗುತ್ತದೆ. ನನಗೂ ಸ್ಪೇಸೇ ಅಭ್ಯಾಸ. ಹೊಸ ಪ್ರಾಜೆಕ್ಟಿನ ವರ್ಕ್‌ಸ್ಪೇಸ್ ಫೈಲಿನಲ್ಲಿ ಟ್ಯಾಬ್ ಎಂದು ಬರೆದಿದ್ದೇನೆ. ಅಗಲ ಎಷ್ಟೆಂದು ಬರೆದಿಲ್ಲ.