ಗೆದ್ದಾಂವ ಸೋತ, ಸೋತಾಂವ ಸಾಯಬೇಕಿಲ್ಲ

‘ಗೆದ್ದಾಂವ ಸೋತ, ಸೋತಾಂವ ಸತ್ತ.’ ನಮ್ಮ ಧಾರವಾಡ ಕಡೆ ಈ ಗಾದೆ ಹೆಚ್ಚಾಗಿ ಕೇಳಿಬರುವುದು ಕೋರ್ಟು-ಕಚೇರಿಯ ಮಾತು ಬಂದಾಗ. ಬದುವಿನ ಜಗಳಕ್ಕೆ ವರ್ಷಗಟ್ಟಲೆ ವಕೀಲರ ಹಿಂದೆ ತಿರುಗಿ, ಗೆದ್ದವನ ಕೈಯಲ್ಲೂ ಏನೂ ಉಳಿಯದಿದ್ದಾಗ ಹಿರಿಯರು ಇದನ್ನು ಆಡುತ್ತಾರೆ. ನನಗೆ ಇದು ಜೂಜಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ ಅನ್ನಿಸುತ್ತದೆ. ಅದರ ಮೊದಲರ್ಧ ಜೂಜಿನಲ್ಲಿ ಅಕ್ಷರಶಃ ನಿಜ. ಎರಡನೆಯ ಅರ್ಧವನ್ನು ಮಾತ್ರ ಯಾರೂ ತೀರ್ಪೆಂದು ತಿಳಿಯಬಾರದು.

ಓ.ಸಿ. ಚೀಟಿಯನ್ನೇ, ಅಂದರೆ ಮಟಕಾವನ್ನೇ ತೆಗೆದುಕೊಳ್ಳಿ. ಮಟಕಾ ಮುಂಬಯಿಯಲ್ಲಿ ಶುರುವಾದದ್ದು ಹತ್ತಿಯ ದರದ ಮೇಲೆ. ನ್ಯೂಯಾರ್ಕಿನ ಹತ್ತಿ ಪೇಟೆಯಿಂದ ಟೆಲಿಪ್ರಿಂಟರಿನಲ್ಲಿ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ದರಕ್ಕೆ ಜನ ಹಣ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಿತು, ಮಡಕೆಯೊಳಗಿಂದ ಅಂಕಿ ಎತ್ತುವುದು ಬಂತು. ಹತ್ತಿ ಬೆಳೆಯುವ ನವಲಗುಂದದ ಎರಿ ಹೊಲದವನ ದುಡ್ಡು ಇವತ್ತು ಅದೇ ಆಟಕ್ಕೆ ಹೋಗುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಲೆಕ್ಕ ನೋಡಿ. ಎರಡಂಕಿಯ ಆಟದಲ್ಲಿ ಸೊನ್ನೆ ಸೊನ್ನೆಯಿಂದ 99ರವರೆಗೆ ನೂರು ಅಂಕಿ. ಒಂದು ರೂಪಾಯಿಗೆ 80 ಕೊಡುತ್ತೇನೆ ಎಂದು ಚೀಟಿ ಬರೆಯುವವನು ಹೇಳಿದ ಅನ್ನೋಣ. ನೂರು ಅಂಕಿಗೂ ಒಂದೊಂದು ರೂಪಾಯಿ ಕಟ್ಟಿದರೆ ಒಂದು ಅಂಕಿ ಖಂಡಿತ ಬರುತ್ತದೆ. ಕೊಟ್ಟದ್ದು 100, ಬಂದದ್ದು 80. ಆ 80ನ್ನೇ ಹೀಗೆ ಮತ್ತೆ ಹರಡಿ ಕಟ್ಟಿದರೆ 64, ಮುಂದೆ 51. ಹತ್ತು ಸುತ್ತು ಮುಗಿಯುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಹನ್ನೊಂದು ರೂಪಾಯಿಗೂ ಕಡಿಮೆ. ಇಲ್ಲಿ ಯಾರೂ ಮೋಸ ಮಾಡಿಲ್ಲ, ಆಟ ಇರುವುದೇ ಹಾಗೆ. ಆದರೆ ಮೊದಲ ವಾರವೇ 50 ಕಟ್ಟಿ 4,000 ಎಣಿಸಿಕೊಂಡವನಿಗೆ ಈ ಲೆಕ್ಕ ಹೇಳಿದರೆ ನಗುತ್ತಾನೆ. ಆಮೇಲೆ ಹೋದ ನೂರಾರು ಚೀಟಿ ಅವನಿಗೆ ನೆನಪಿರುವುದಿಲ್ಲ, ಆ ನಾಲ್ಕು ಸಾವಿರ ಮಾತ್ರ ನೆನಪಿರುತ್ತದೆ. ಗೆದ್ದಾಂವ ಸೋತದ್ದು ಅಲ್ಲಿ, ಗೆದ್ದ ದಿನವೇ.

ಜೂಜಿನ ಈ ಸೆಳೆತ ಹೊಸದೇನಲ್ಲ. ಪಂಪನ ತಾಯಿಯ ಮನೆತನ ಅಣ್ಣಿಗೇರಿಯದು, ಕುಮಾರವ್ಯಾಸನ ಊರು ಹುಬ್ಬಳ್ಳಿ ಹತ್ತಿರದ ಕೋಳಿವಾಡ. ಪಗಡೆಯಾಟದಿಂದ ಕೆಟ್ಟ ಮನೆತನದ ಕಥೆಯನ್ನು ಕನ್ನಡಕ್ಕೆ ತಂದ ಇಬ್ಬರೂ ಈ ಮಣ್ಣಿನ ನಂಟಿನವರು. ಆ ಕಥೆಯಲ್ಲಿ ದ್ರೌಪದಿಯ ಸೀರೆಯ ಪ್ರಸಂಗ ಎಲ್ಲರಿಗೂ ಗೊತ್ತು. ಅದರ ನಂತರದ್ದನ್ನು ನಾವು ಬೇಗ ದಾಟಿಬಿಡುತ್ತೇವೆ. ಧೃತರಾಷ್ಟ್ರ ಎಲ್ಲವನ್ನೂ ತಿರುಗಿ ಕೊಟ್ಟ. ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲ ಕೈಗೆ ಬಂದು ಊರಿಗೆ ಹೊರಟಿದ್ದ ಧರ್ಮರಾಯ ಕರೆ ಬಂದ ಕೂಡಲೇ ಮತ್ತೆ ಹೋಗಿ ಕುಳಿತ. ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತವಾಸ ಬಂದದ್ದು ಈ ಎರಡನೆಯ ಆಟದಿಂದ. ಅವನೇನು ದಡ್ಡನೇ, ದುಷ್ಟನೇ? ಧರ್ಮವೇ ಹೆಸರಾದವನು. ಹೊಲ ಒತ್ತೆಯಿಟ್ಟು ಅಪ್ಪ ಸಾಲ ತೀರಿಸಿದ ಮರುವಾರವೇ ಮಗ ಮತ್ತೆ ಅಂದರ್-ಬಾಹರ್‌ಗೆ ಕುಳಿತರೆ ‘ಇಂವಗ ಮಾನ-ಮರ್ಯಾದಿ ಇಲ್ಲ’ ಎನ್ನುತ್ತೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಈ ಚಟವನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. 2022ರಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ ಜೂಜಿನ ಚಟ ಇರುವುದು ಕುಡಿತದ ಚಟದ ಪಕ್ಕದಲ್ಲೇ.

ಹಾಗಂತ ಪಂಥ ಕಟ್ಟಿದವರೆಲ್ಲ ರೋಗಿಗಳಲ್ಲ. ನಾಗರ ಪಂಚಮಿಗೆ ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಪಂಥ. ಇಷ್ಟೇ ಎಸೆತದಲ್ಲಿ ನಿಂಬೆಹಣ್ಣನ್ನು ಅಗಸಿಯಿಂದ ಗುಡಿ ಮುಟ್ಟಿಸುತ್ತೇನೆ ಎಂದು ಒಬ್ಬ ಹೊರಡುತ್ತಾನೆ, ಓಣಿಯೆಲ್ಲ ಹಿಂದೆ ಓಡುತ್ತದೆ. ಆ ಪಂಥಕ್ಕೆ ಒಂದು ಕೊನೆಯಿದೆ, ಎಲ್ಲರೂ ಸಾಕ್ಷಿ, ಹೊತ್ತು ಮುಳುಗಿದರೆ ಮುಗಿಯಿತು. ಮೊಬೈಲಿನ ಆಟಕ್ಕೆ ಹೊತ್ತು ಮುಳುಗುವುದಿಲ್ಲ, ಪಕ್ಕದಲ್ಲಿ ಮಲಗಿದ ಹೆಂಡತಿಗೂ ಅದು ಕಾಣುವುದಿಲ್ಲ. ಆಡುವವನಿಗೆ ಮಿತಿಯಿರಬೇಕು: ಸ್ವಂತ ದುಡ್ಡು, ಮೊದಲೇ ಗೊತ್ತುಮಾಡಿದ ಮೊತ್ತ, ಮನೆಯವರಿಗೆ ಹೇಳಬಹುದಾದ ಮೊತ್ತ. ಕೈಗಡ ತಂದು ಕಟ್ಟಿದ ದಿನ, ಹೋದದ್ದನ್ನು ಹಿಂದಕ್ಕೆ ತರಲೆಂದು ಕುಳಿತ ದಿನ, ಮನೆಯಲ್ಲಿ ಸುಳ್ಳು ಹೇಳಿದ ದಿನ ಆ ಮಿತಿ ದಾಟಿತೆಂದೇ ಅರ್ಥ. ಅಲ್ಲಿಂದಾಚೆ ಬುದ್ಧಿಮಾತು ಸಾಲದು.

ಸರ್ಕಾರಗಳು ಕೈಕಟ್ಟಿ ಕುಳಿತಿಲ್ಲ. 2007ರಲ್ಲಿ ಕರ್ನಾಟಕ ಲಾಟರಿ ನಿಲ್ಲಿಸಿತು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2021ರಲ್ಲಿ ರಾಜ್ಯ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾಯ್ದೆ ತಂದಿತು. ಈ ಹೊಸ ಕಾಯ್ದೆಯಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ, ಆಡಿ ಸೋತವನಿಗಲ್ಲ. ಪೊಲೀಸರಿಗೆ ಹೆದರಿ ಮೊಬೈಲಿನ ಸಾಲವನ್ನು ಮುಚ್ಚಿಡುತ್ತಿರುವ ಹುಡುಗರಿಗೆ ಯಾರಾದರೂ ಇದನ್ನು ಬಿಡಿಸಿ ಹೇಳಬೇಕು.

ಇನ್ನು ‘ಸೋತಾಂವ ಸತ್ತ’. ಈ ಮಾತನ್ನು ನಿಜ ಮಾಡಿಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಪ್ರತಿ ಸಲವೂ ನನಗೆ ಅನ್ನಿಸುವುದು ಒಂದೇ: ಒಬ್ಬರಿಗೆ ಹೇಳಿದ್ದರೆ ಈ ಜೀವ ಉಳಿಯುತ್ತಿತ್ತೇನೋ. ಸಾಲ ಎಷ್ಟೇ ಇರಲಿ, ಕಂತು ಕಟ್ಟಬಹುದು, ಅವಧಿ ಕೇಳಬಹುದು, ಹೊಲದ ತುಂಡು ಮಾರಬಹುದು. ಹೇಳಿಕೊಳ್ಳಲು ಜಾಗವೂ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ‘ಹುಚ್ಚರ ದವಾಖಾನಿ’ ಎಂದು ಅಂಜಿ ಕಲಘಟಗಿ, ಕುಂದಗೋಳದವರು ಅದರ ಮುಂದೆಯೇ ಹಾದುಹೋಗುವುದು ನನಗೆ ಸಂಕಟ ತರುತ್ತದೆ. ಚಟ ಬಿಡಿಸುವುದೂ ಅಲ್ಲಿನ ಕೆಲಸವೇ. ವೈದ್ಯರಿಗೆ ಹೇಳಿದ್ದು ಹೊರಗೆ ಹೋಗಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಈ ಕಾಯಿಲೆಗೆ ಮುಖ್ಯವಾಗಿ ಮಾತಿನ ಚಿಕಿತ್ಸೆ. ಜೊತೆಗೆ ನಿದ್ದೆಗೆಟ್ಟಿದ್ದರೆ, ಮನಸ್ಸು ಕುಗ್ಗಿದ್ದರೆ ಔಷಧವನ್ನೂ ಕೊಡುತ್ತಾರೆ.

ಮನೆಯವರಿಗೂ ಒಂದು ಕೆಲಸವಿದೆ. ‘ಇದೊಂದ ಸಲ ಬಿಡಿಸಿಕೊಡು ಯವ್ವಾ, ಇನ್ನ ಆಡಂಗಿಲ್ಲ’ ಎಂದಾಗ ತಾಯಿ ಕೊರಳಿನದನ್ನು ತೆಗೆದು ಕೈಗಿಡಬಾರದು. ಆ ದುಡ್ಡು ಮತ್ತೆ ಆಟಕ್ಕೇ ಹೋಗುವ ಸಂಭವ ಹೆಚ್ಚು. ಕೊಡುವುದೇ ಆದರೆ ಸಾಲ ಕೊಟ್ಟವನ ಕೈಗೆ ನೇರವಾಗಿ ಕೊಡಿ. ಮಗನ ಎಟಿಎಂ ಕಾರ್ಡು, ಹೆಸರುಕಾಳು ಮಾರಿದ ಪಟ್ಟಿಯ ಹಣ ಕೆಲವು ಕಾಲ ಅಕ್ಕನ ಬಳಿಯೋ ಹೆಂಡತಿಯ ಬಳಿಯೋ ಇರಲಿ. ಅವನ ಒಪ್ಪಿಗೆ ತೆಗೆದುಕೊಂಡೇ ಇರಲಿ. ದವಾಖಾನೆಗೆ ಹೊರಡುವ ಹಿಂದಿನ ರಾತ್ರಿ ಅವನ ಜೊತೆ ಕುಳಿತು ಒಂದು ಹಾಳೆಯಲ್ಲಿ ಎಲ್ಲ ಬರೆಯಿರಿ: ಸೊಸೈಟಿ, ಸಂಘ, ವಾರದ ಬಡ್ಡಿಯವರು, ಗೆಳೆಯರು, ಯಾರಿಗೆ ಎಷ್ಟು. ಬರೆಯುವಾಗ ಬೈಯಬೇಡಿ. ಬೈದರೆ ಕೊನೆಯ ಎರಡು ಹೆಸರು ಹಾಳೆಗೆ ಬರುವುದಿಲ್ಲ, ಸಾಮಾನ್ಯವಾಗಿ ದೊಡ್ಡ ಸಾಲ ಇರುವುದು ಅವರ ಹತ್ತಿರವೇ.