ಭಗ್ನದೇಹದ ಆರೈಕೆ

ಕೆಲಮಂಗಲದಿಂದ ಹೊಸೂರಿಗೆ ಹೋಗುವ ಹಾದಿಯಲ್ಲಿ ವಾಹನಕ್ಕೆ ಸಿಕ್ಕಿ ನರಳುವ ನಾಯಿಯನ್ನು ಕಂಡು ಮರುಗದ ಹೃದಯ ವಿರಳ. ಎತ್ತಿ ಆಸ್ಪತ್ರೆಗೆ ಒಯ್ಯುವ ಪುಣ್ಯವಂತರೂ ಉಂಟು. ಆದರೆ ಶಸ್ತ್ರಚಿಕಿತ್ಸೆಯಾಗಿ, ಕಾಲೊಂದನ್ನು ಕಳೆದುಕೊಂಡು ಅದು ಮನೆಯ ಜಗಲಿಗೆ ಬಂದಾಗಲೇ ನಿಜವಾದ ಧರ್ಮಪ್ರಶ್ನೆ ಏಳುತ್ತದೆ. ಇನ್ನು ಅದು ಹೊಲ ಕಾಯಲಾರದು, ಕಳ್ಳನನ್ನು ಅಟ್ಟಲಾರದು. ಮನುಷ್ಯರಿಗೇ ಔಷಧಕ್ಕೆ ಹಣ ಸಾಲದಿರುವಾಗ ಇಂಥ ಜೀವಕ್ಕಾಗಿ ಹಣವನ್ನೂ ನಿದ್ರೆಯನ್ನೂ ವ್ಯಯಿಸುವುದು ಯುಕ್ತವೇ?

ಮಹಾಭಾರತವು ಈ ಪ್ರಶ್ನೆಗೆ ಎರಡು ಕಡೆ ಉತ್ತರ ಕೊಟ್ಟಿದೆ. ಆದಿಪರ್ವದಲ್ಲಿ ಜನಮೇಜಯನ ತಮ್ಮಂದಿರು ಸತ್ರಶಾಲೆಗೆ ಬಂದ ಸರಮೆಯ ಮರಿಯನ್ನು ಹೊಡೆದರು. ತಪ್ಪೇನೆಂದು ತಾಯಿ ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಶಾಪ ರಾಜನಿಗೆ ತಟ್ಟಿತು. ಮಹಾಪ್ರಸ್ಥಾನದಲ್ಲಿ ಯುಧಿಷ್ಠಿರನು ಜೊತೆಗೆ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥವನ್ನೇರಲು ಒಪ್ಪಲಿಲ್ಲ. ಅದು ಧರ್ಮದೇವತೆಯೆಂದು ಆಗ ಅವನು ಅರಿಯನು. ಅದರಿಂದ ಅವನಿಗೆ ಯಾವ ಪ್ರಯೋಜನವೂ ಇರಲಿಲ್ಲ. ಅದು ಅವನನ್ನು ನಂಬಿತ್ತು, ಅಷ್ಟೇ ಸಾಕಾಯಿತು.

ಇಂದಿಗೂ ಈ ನಿಷ್ಠೆ ಲುಪ್ತವಾಗಿಲ್ಲ. ಹೊಸೂರಿಗೆ ದೂರವಲ್ಲದ ಬನ್ನೇರುಘಟ್ಟದಲ್ಲಿ, ಕುಣಿತಕ್ಕಾಗಿ ಮೂತಿ ಚುಚ್ಚಿಸಿಕೊಂಡು ಹಲ್ಲು ಮುರಿಸಿಕೊಂಡ ಕರಡಿಗಳಿಗಾಗಿ 2005ರಲ್ಲಿ ಆಶ್ರಯಧಾಮವೊಂದು ಸ್ಥಾಪಿತವಾಯಿತು. ಕಾಡಿಗೆ ಮರಳಲಾರದ ಅವುಗಳಿಗೆ ಅಲ್ಲಿ ಆಜೀವ ಪಾಲನೆ.

ದಯೆಯು ಕ್ಷಣದ ಕಣ್ಣೀರಲ್ಲ, ದಿನದಿನದ ಕೆಲಸ. ಹೊಲಿಗೆ ಬಿಚ್ಚುವವರೆಗಿನ ಹತ್ತು ಹದಿನಾಲ್ಕು ದಿನ ನಾಯಿ ಗಾಯವನ್ನು ನೆಕ್ಕದಂತೆ ಕೊರಳಿಗೆ ಪಟ್ಟಿ ಕಟ್ಟಬೇಕು. ನೆಗೆಯದಂತೆ, ಜಾರದಂತೆ ಕಾಯಬೇಕು. ಹಿಂಗಾಲುಗಳು ಸ್ವಾಧೀನ ತಪ್ಪಿದ್ದರೆ ಹುಣ್ಣಾಗದಂತೆ ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂತ್ರ ಕಟ್ಟಿದರೆ ಹೊರಬರಿಸುವ ಕ್ರಮವನ್ನು ಪಶುವೈದ್ಯರಿಂದ ಕಲಿಯಬೇಕು. ಮನುಷ್ಯರ ನೋವಿನ ಮಾತ್ರೆ ಪ್ರಾಣಿಗೆ ವಿಷವಾಗಬಹುದು. ಅದನ್ನು ತಾನಾಗಿ ಕೊಡಲಾಗದು. ಕಾಲೊಂದನ್ನು ಕಳೆದುಕೊಂಡ ನಾಯಿಗಳು ಬಹುಮಟ್ಟಿಗೆ ಕೆಲವೇ ವಾರಗಳಲ್ಲಿ ಮೂರು ಕಾಲಿನ ನಡಿಗೆಗೆ ಒಗ್ಗುತ್ತವೆ. ಆದರೆ ಯಾತನೆ ಶಮನವಾಗುವ ಆಸೆಯೇ ಇಲ್ಲವೆಂದು ವೈದ್ಯರು ಹೇಳಿದ ಮೇಲೂ ತನ್ನ ಸಮಾಧಾನಕ್ಕಾಗಿ ಅದನ್ನು ಲಂಬಿಸುವುದು ದಯೆಯೆನಿಸದು.

ಹಣದ ಆಕ್ಷೇಪ ಸುಳ್ಳಲ್ಲ. ಮನೆಯ ಮಕ್ಕಳ ಅನ್ನ ಕಿತ್ತು ನಾಯಿಗೆ ಉಣಿಸೆಂದು ಯಾವ ಧರ್ಮವೂ ಹೇಳದು. ಆದರೆ ನಾಯಿಗೆ ಮಾಡದೆ ಉಳಿಸಿದ ಹಣ ಬಡವನ ಮನೆಗೆ ತಲುಪುವುದು ಅಪರೂಪ. ಈ ಆರೈಕೆಯು ಬೇಡುವುದು ಬಹುಪಾಲು ತಾಳ್ಮೆಯನ್ನೇ. ಮೂಕಪ್ರಾಣಿಯ ನೋವನ್ನು ಅರಿಯಲು ಕಲಿತವನು ಹಾಸಿಗೆ ಹಿಡಿದ ವೃದ್ಧರ ನೋವನ್ನೂ ಬೇಗ ಅರಿಯುವನು.

ಜೀರ್ಣೋದ್ಧಾರದ ಈ ಸಂದರ್ಭದಲ್ಲಿ ಭಕ್ತರು ಒಂದನ್ನು ನೆನೆಯಬೇಕು. ಭಿನ್ನವಾದ ವಿಗ್ರಹವನ್ನು ಶಾಸ್ತ್ರವು ವಿಸರ್ಜಿಸೆನ್ನುತ್ತದೆ. ಅಲ್ಲಿಯ ದೇವಕಳೆಯನ್ನು ಕಲಶಕ್ಕೆ ಆವಾಹಿಸಿ ಬೇರೊಂದು ವಿಗ್ರಹದಲ್ಲಿ ಪ್ರತಿಷ್ಠಿಸಬಹುದು. ಭಿನ್ನವಾದ ದೇಹದಲ್ಲಿರುವ ಜೀವವನ್ನು ಬೇರೊಂದು ದೇಹಕ್ಕೆ ಸಾಗಿಸುವ ಮಂತ್ರ ಯಾರಲ್ಲಿಯೂ ಇಲ್ಲ. ಆದುದರಿಂದ ಮುರಿದ ಆ ಗುಡಿಯಲ್ಲಿಯೇ ಅದಕ್ಕೆ ಸೇವೆ ಸಲ್ಲಬೇಕು.