ಲಜ್ಜೆಯೂ ವ್ಯಾಧಿಯೂ

ಲಜ್ಜೆಯು ಭೂಷಣವೆಂಬುದೇನೋ ನಿಜ. ವೈದ್ಯನ ಮುಂದೆಯೂ ಅದು ಭೂಷಣವೆ? ಗೆಂಡೆಹಳ್ಳಿಯಂತಹ ಗ್ರಾಮದಲ್ಲಿ 35ರ ಹರೆಯದ ರೈತನೊಬ್ಬನಿಗೆ ಮಲದಲ್ಲಿ ರಕ್ತ ಕಂಡಿತೆನ್ನೋಣ. ಮೂಲವ್ಯಾಧಿಯೆಂದು ತಾನೇ ನಿಶ್ಚಯಿಸಿ, ಮಜ್ಜಿಗೆ ಕುಡಿದು, ಹೆಂಡತಿಗೂ ಹೇಳದೆ, ಕೊಯ್ಲು ಮುಗಿಯಲೆಂದು ಕಾಯುವನು. ಹೇಳಿದರೂ, “ಈ ವಯಸ್ಸಿಗೆ ಕರುಳಿನ ಕ್ಯಾನ್ಸರೇ?” ಎಂದು ಕೇಳಿದವರು ನಗುವರು. ವಯಸ್ಸು ಕೊಡುತ್ತಿದ್ದ ಆ ಅಭಯವು ಈಗ ಸಲ್ಲದು. ಅಮೆರಿಕದ ತಜ್ಞರು 2021ರಲ್ಲಿ ಈ ರೋಗದ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ರೋಗಿಯನ್ನರಿಯಲು ದರ್ಶನ, ಸ್ಪರ್ಶನ, ಪ್ರಶ್ನವೆಂದು ವಾಗ್ಭಟನು ಹೇಳಿದ ಮೂರು ದಾರಿಗಳನ್ನೂ ಲಜ್ಜೆಯು ಮುಚ್ಚಿಬಿಡುವುದು. ಆದರೆ ದೋಷವನ್ನೆಲ್ಲ ಅವನೊಬ್ಬನ ಮೇಲೆ ಹೊರಿಸುವುದು ನ್ಯಾಯವೆ? ಆ ಮಾತೆತ್ತಿದಾಗ ಛೀ ಎಂದ ಮನೆಯವರಿಗೂ, ವಯಸ್ಸನ್ನಷ್ಟೇ ನೋಡಿ ಪರೀಕ್ಷೆ ಮಾಡದೆ ಕಳುಹಿದ ವೈದ್ಯನಿಗೂ ಅದರಲ್ಲಿ ಪಾಲುಂಟು. ಮೊದಲ ಹಂತದಲ್ಲಿ ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣವಾಗಬಹುದಾಗಿದ್ದ ರೋಗವು, ಅವನು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಬಾಗಿಲು ಮುಟ್ಟುವಷ್ಟರಲ್ಲಿ ಯಕೃತ್ತನ್ನು ಸೇರಿರಬಹುದು.